‘ಗೆಳೆಯರನ್ನು ಬಿಡು’ ಎನ್ನುವ ಮೊದಲು

ಪ್ರಶ್ನೆ: ಷಿಕಾಗೊದಲ್ಲಿದ್ದೇನೆ. ಜೈಲಿನಿಂದ ಹೊರಬಂದ ಯುವಕರಿಗೆ ಪ್ರತಿ ಶನಿವಾರ ಗಣಿತ ಹೇಳಿಕೊಡುತ್ತೇನೆ. ಹೆಚ್ಚಿನವರು ಕಪ್ಪು ಸಮುದಾಯದವರು. ಅವರಲ್ಲಿ 22ರ ಹುಡುಗನೊಬ್ಬ ಬಹಳ ಚುರುಕು. ಆದರೆ ಹಳೆಯ ಗುಂಪು ಬಿಡುತ್ತಿಲ್ಲ. ಸಹವಾಸದೋಷದ ಬಗ್ಗೆ ಎಷ್ಟು ಹೇಳಿದರೂ ನಕ್ಕು ಸುಮ್ಮನಾಗುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಪಾಪಕ್ರಿಸ್ಟೋಸ್ ಮತ್ತು ಸಂಗಡಿಗರು, ನಿಮ್ಮ ಊರಿನಲ್ಲೇ ಜೊತೆಯಾಗಿ ಬಂಧನಕ್ಕೊಳಗಾದವರ ನಂಟುಗಳನ್ನು ಜೋಡಿಸಿ ನೋಡಿದರು. 2006ರಿಂದ 2014ರವರೆಗೆ ಆ ಜಾಲದೊಳಗೆ ನಡೆದ ಗುಂಡೇಟುಗಳಲ್ಲಿ ಶೇ 63ರಷ್ಟು, ಸೋಂಕಿನ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟಿದ್ದವು. ಒಬ್ಬನಿಗೆ ಗುಂಡು ಬಿದ್ದು ಅವನ ಒಡನಾಡಿಗೆ ಬೀಳುವುದಕ್ಕೆ ಸರಾಸರಿ 125 ದಿನ. ಹಾಗಾಗಿ ಅವನ ಗೆಳೆಯನಿಗೆ ಏನಾದರೂ ಆಯಿತೆಂದು ತಿಳಿದರೆ, ಮುಂದಿನ ನಾಲ್ಕೈದು ತಿಂಗಳು ಅವನ ಕೈ ಬಿಡಬೇಡಿ.

ಆದರೆ ಇದೇ ಗುಂಪು ಅವನಿಗೆ ಇನ್ನೇನು ಕೊಡುತ್ತಿದೆ? ಕಳೆದ ತಿಂಗಳು ಮಲಗಲು ಜಾಗ ಕೊಟ್ಟವರು ಯಾರು, ಕೆಲಸಕ್ಕೆ ಕಾರಿನಲ್ಲಿ ಬಿಟ್ಟವರು ಯಾರು, 20 ಡಾಲರ್ ಕೈಗಡ ಕೊಟ್ಟವರು ಯಾರು ಎಂದು ಕೇಳಿ. ಅವವೇ ಹೆಸರುಗಳು ಮರುಕಳಿಸಿದರೆ ಆ ನಗುವಿನ ಅರ್ಥ ನಿಮಗೆ ಆಗುತ್ತದೆ. ಹೊರಗಿನ ಬಾಗಿಲುಗಳ ಸ್ಥಿತಿಯನ್ನೂ ನೋಡಿ. ಸಮಾಜಶಾಸ್ತ್ರಜ್ಞೆ ಡೇವಾ ಪೇಜರ್ 2003ರಲ್ಲಿ ಪ್ರಕಟಿಸಿದ ಮಿಲ್ವಾಕಿ ಅಧ್ಯಯನದಲ್ಲಿ, ಶಿಕ್ಷೆಯಾಗಿದೆ ಎಂದು ಹೇಳಿಕೊಂಡು ಕೆಲಸಕ್ಕೆ ಹಾಕಿದ ಬಿಳಿಯರ ಅರ್ಜಿಗಳಲ್ಲಿ ಶೇ 17ರಷ್ಟಕ್ಕೆ ಮರುಕರೆ ಬಂತು. ಯಾವ ಪ್ರಕರಣವೂ ಇಲ್ಲದ ಕಪ್ಪು ಯುವಕರಿಗೆ ಶೇ 14, ಶಿಕ್ಷೆಯಾಗಿದೆ ಎಂದ ಕಪ್ಪು ಯುವಕರಿಗೆ ಬರೀ ಶೇ 5. ಇಂಥ ಕಡೆ ‘ಬಾ, ನಮ್ಮ ಗೋದಾಮಿನಲ್ಲಿ ಆಳು ಬೇಕಂತೆ’ ಎನ್ನುವವನು ಗೆಳೆಯನೇ. ಅವನನ್ನೂ ಬಿಡು ಎಂದರೆ ಹುಡುಗ ಎಲ್ಲಿಗೆ ಹೋಗಬೇಕು?

ನಂಟನ್ನೇ ಅಪರಾಧವೆಂದು ನೋಡಿದರೆ ಏನಾಗುತ್ತದೆ ಎಂಬುದನ್ನೂ ಷಿಕಾಗೊ ಕಂಡಿದೆ. ಯಾರ ಜೊತೆ ಬಂಧನಕ್ಕೊಳಗಾಗಿದ್ದರು ಎಂಬ ನಂಟನ್ನು ನೋಡಿ, ಗುಂಡೇಟಿನ ಅಪಾಯದಲ್ಲಿರುವವರೆಂದು ಪೊಲೀಸರು ಮಾಡಿದ ಪಟ್ಟಿಯನ್ನು 2016ರಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪರಿಶೀಲಿಸಿತು. ಪಟ್ಟಿಯಲ್ಲಿದ್ದವರಿಗೆ ಗುಂಡು ಬೀಳುವುದೇನೂ ಕಡಿಮೆಯಾಗಿರಲಿಲ್ಲ, ಗುಂಡು ಹಾರಿಸಿದ ಆರೋಪದಲ್ಲಿ ಬಂಧನದ ಸಾಧ್ಯತೆ ಮಾತ್ರ ಹೆಚ್ಚಿತ್ತು. ಆಮೇಲೆ ಆ ಪಟ್ಟಿಯನ್ನೇ ಕೈಬಿಟ್ಟರು.

ಗುಂಪಿನಲ್ಲಿ ಮದುವೆಯಾದವನೋ, ಸಂಬಳದ ಕೆಲಸ ಹಿಡಿದವನೋ ಒಬ್ಬನಾದರೂ ಇರುತ್ತಾನೆ. ಆ ನಂಟನ್ನು ಗಟ್ಟಿ ಮಾಡಿ. ವೈದ್ಯ ಗ್ಯಾರಿ ಸ್ಲಟ್ಕಿನ್ ನಿಮ್ಮ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ 2000ದಲ್ಲಿ ಆರಂಭಿಸಿದ, ಗುಂಡೇಟು ತಡೆಯುವ ಕೆಲಸವೂ ಇದೇ ನಂಬಿಕೆಯದು: ಬೀದಿಯ ಹುಡುಗರು ಕಿವಿಗೊಡುವುದು ಅದೇ ಬೀದಿಯಲ್ಲಿ ಬೆಳೆದವರ ಮಾತಿಗೆ. ಅವನ ಬಿಡುಗಡೆಗೆ ಹಾಕಿದ ಪೆರೋಲ್ ಷರತ್ತುಗಳಲ್ಲಿ ಯಾರನ್ನು ಭೇಟಿಯಾಗಬಾರದು ಎಂದಿದೆಯೋ ಮೊದಲು ಅವನೊಂದಿಗೆ ಕೂತು ಓದಿ, ಇಲ್ಲದಿದ್ದರೆ ಒಂದು ಭೇಟಿಯೇ ಅವನನ್ನು ಮತ್ತೆ ಒಳಗೆ ಕಳಿಸೀತು. ಅಡ್ಡಿಯಿಲ್ಲದಿದ್ದರೆ, ಮುಂದಿನ ಶನಿವಾರ ಒಬ್ಬ ಗೆಳೆಯನನ್ನು ಗಣಿತಕ್ಕೆ ಕರೆದುಕೊಂಡು ಬಾ ಎನ್ನಿ.