ದುಬೈ ಪಾರ್ಟಿ ರೊಕ್ಕ ಕೊಡದಿದ್ದರೆ ಕಲಬುರಗಿಯ ದಾಲ್ ಮಿಲ್‌ನವರು ಯಾವ ಕೋರ್ಟಿಗೆ ಹೋಗಬೇಕು?

ನೀವು ಕೇಳಿರುವುದು ಎರಡು ಸಂಗತಿ. ದುಬೈನ ಪಾರ್ಟಿ ಒಂದು ಕಂಟೇನರ್ ತೊಗರಿ ಬೇಳೆಗೆ 30% ಅಡ್ವಾನ್ಸ್ ಕೊಟ್ಟು, ಬಾಕಿಯನ್ನು ಮಾಲು ಮುಟ್ಟಿದ ಮೇಲೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡದಿದ್ದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ದಾರಿ ಏನು? ನಡುವೆ ನಮ್ಮ ಸರ್ಕಾರವೇ ರಫ್ತು ನಿಲ್ಲಿಸಿಬಿಟ್ಟರೆ ಗತಿ ಏನು?

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಆಸೆಯನ್ನು ಮೊದಲು ಬಿಡಿ. ಅಲ್ಲಿ ವಾದಿ ಪ್ರತಿವಾದಿಗಳಾಗಲು ದೇಶಗಳಿಗೆ ಮಾತ್ರ ಅವಕಾಶ. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಕೂಡ ಸರ್ಕಾರಗಳ ನಡುವಿನ ಜಗಳಕ್ಕೆ. ಸರಕು ಮಾರಾಟದ ಕರಾರುಗಳಿಗೆಂದೇ 1980ರಲ್ಲಿ ವಿಯೆನ್ನಾ ಒಪ್ಪಂದ ಆಗಿದೆ, ಆದರೆ ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ನಿಮ್ಮ ಸೌದಾಕ್ಕೆ ಯಾವ ಕಾನೂನು, ಯಾವ ಊರು ಎಂಬುದನ್ನು ಕಾಗದದಲ್ಲಿ ನೀವೇ ಬರೆಯಬೇಕು. ಗಂಜ್ ಮಾರುಕಟ್ಟೆಯಲ್ಲಿ ಅಡತಿಯವರ ಜೊತೆ ಬಾಯಿಮಾತಿನ ಮೇಲೆ ಸೌದಾ ಮಾಡಿ ರೂಢಿಯಾದವರು ತಪ್ಪುವುದು ಇಲ್ಲೇ: ಪ್ರೊಫಾರ್ಮಾ ಇನ್ವಾಯ್ಸ್ (ಮಾಲು, ರೇಟು ತೋರಿಸುವ ಮುಂಗಡ ಬಿಲ್) ಒಂದನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅದನ್ನೇ ಕರಾರು ಅಂದುಕೊಳ್ಳುತ್ತಾರೆ.

ಲೆಕ್ಕ ನೋಡಿ. 20 ಅಡಿ ಕಂಟೇನರ್‌ಗೆ 24 ಟನ್ ಹಿಡಿಯೋಣ. ಕಿಲೋ 110 ರೂಪಾಯಿಯಂತೆ 26.4 ಲಕ್ಷ. ಅಡ್ವಾನ್ಸ್ 7.92 ಲಕ್ಷ, ಬಾಕಿ 18.48 ಲಕ್ಷ. ಆ ಬಾಕಿ ಪೂರ್ತಿ ನಂಬಿಕೆಯ ಮೇಲೆ ನಿಂತಿದೆ.

ಕರಾರಿನಲ್ಲಿ ಆರ್ಬಿಟ್ರೇಷನ್ ಕಲಂ ಹಾಕಿಸಿ, ಅಂದರೆ ಜಗಳವನ್ನು ಕೋರ್ಟಿನ ಬದಲು ಇಬ್ಬರೂ ಒಪ್ಪಿದ ಪಂಚರು ತೀರ್ಮಾನಿಸಲಿ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ 1960ರಲ್ಲಿ, ದುಬೈ ಇರುವ ಯುಎಇ ದೇಶ 2006ರಲ್ಲಿ ಸೇರಿವೆ. ಇಲ್ಲಿ ಸಿಕ್ಕ ತೀರ್ಪನ್ನು ಅಲ್ಲಿ ಜಾರಿ ಮಾಡಿಸಲು ಇರುವ ಗಟ್ಟಿ ದಾರಿ ಅದೇ. ಬೆಂಗಳೂರೋ ಮುಂಬೈಯೋ ಸೀಟ್ (ಆರ್ಬಿಟ್ರೇಷನ್‌ನ ಕಾನೂನುಬದ್ಧ ಸ್ಥಳ) ಎಂದು ಬರೆಯಿರಿ. ಜೊತೆಗೆ ಭಾರತದ ಕಾನೂನು, ಇಂಗ್ಲಿಷ್ ಭಾಷೆ, ಒಬ್ಬರೇ ಆರ್ಬಿಟ್ರೇಟರ್ ಎಂಬುದೂ ಬರಲಿ. ಮೂವರನ್ನು ಕೂರಿಸಿದರೆ 18 ಲಕ್ಷದ ವ್ಯಾಜ್ಯಕ್ಕೆ ಫೀಸೇ ಭಾರ. 1996ರ ನಮ್ಮ ಆರ್ಬಿಟ್ರೇಷನ್ ಕಾಯ್ದೆಯ 29ಬಿ ಕಲಮಿನಂತೆ ಫಾಸ್ಟ್ ಟ್ರ್ಯಾಕ್‌ಗೆ ಇಬ್ಬರೂ ಮೊದಲೇ ಲಿಖಿತವಾಗಿ ಒಪ್ಪಿದರೆ, ಕಾಗದಪತ್ರ ನೋಡಿಯೇ 6 ತಿಂಗಳಲ್ಲಿ ತೀರ್ಪು ಕೊಡಬೇಕು. ದುಬೈ ಸೀಟ್ ಆಗಲೇಬೇಕೆಂದು ಪಾರ್ಟಿ ಹಟ ಹಿಡಿದರೆ ಆರ್ಬಿಟ್ರೇಷನ್ ನಡೆಸುವ ಸಂಸ್ಥೆಯ ಹೆಸರು ಸರಿ ಇದೆಯೇ ನೋಡಿ. ಅಲ್ಲಿನ ಡಿಐಎಫ್‌ಸಿ-ಎಲ್‌ಸಿಐಎ ಎಂಬ ಆರ್ಬಿಟ್ರೇಷನ್ ಕೇಂದ್ರವನ್ನು 2021ರಲ್ಲೇ ರದ್ದು ಮಾಡಿದ್ದಾರೆ, ಆದರೂ ಹಳೆಯ ನಮೂನೆಗಳಲ್ಲಿ ಅದೇ ಹೆಸರು ಓಡಾಡುತ್ತಿದೆ. ‘ದುಬೈ ಕೋರ್ಟಿಗೆ ಅಧಿಕಾರ’ ಎಂದಷ್ಟೇ ಬರೆದರೆ ಎಲ್ಲ ಕಾಗದವನ್ನೂ ಅರಬ್ಬಿಗೆ ಅನುವಾದಿಸಿ ಅಲ್ಲಿ ವಕೀಲರನ್ನು ಹಿಡಿಯಬೇಕಾಗುತ್ತದೆ.

ತೀರ್ಪು ಜಾರಿ ಮಾಡಿಸುವ ದಾರಿ ಪಾರ್ಟಿಗೂ ತೆರೆದಿದೆ ಎಂಬುದು ನೆನಪಿರಲಿ. 2020ರ ಜನವರಿಯ ಅಧಿಸೂಚನೆಯ ನಂತರ ಯುಎಇ ಕೋರ್ಟಿನ ಡಿಕ್ರಿಯನ್ನು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 44ಎ ಕಲಮಿನಡಿ ನೇರವಾಗಿ ಇಲ್ಲಿನ ಜಿಲ್ಲಾ ಕೋರ್ಟಿಗೆ ತಂದು ಜಾರಿ ಮಾಡಿಸಬಹುದು. ವಿದೇಶಿ ಆರ್ಬಿಟ್ರೇಷನ್ ತೀರ್ಪಾದರೆ ಹೈಕೋರ್ಟಿಗೆ, ಅಂದರೆ ನಿಮ್ಮ ವಿಷಯದಲ್ಲಿ ಕಲಬುರಗಿ ಪೀಠಕ್ಕೆ ಬರುತ್ತಾರೆ. ದುಬೈಯಿಂದ ನೋಟಿಸ್ ಬಂದರೆ ದೂರದ ಊರಿನದೆಂದು ಸುಮ್ಮನಿರಬೇಡಿ.

ಆದರೂ ಕೇಸ್ ಗೆಲ್ಲುವುದಕ್ಕಿಂತ ಕೇಸ್ ಬರದಂತೆ ಮಾಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಮಾಲು ಮುಟ್ಟಿದ ಮೇಲೆ’ ಎಂಬ ಷರತ್ತು ಒಪ್ಪಬೇಡಿ. ರದ್ದು ಮಾಡಲಾಗದ ಎಲ್‌ಸಿ (ಕಾಗದ ಸರಿ ಇದ್ದರೆ ರೊಕ್ಕ ಕೊಡುತ್ತೇನೆಂದು ಪಾರ್ಟಿಯ ಬ್ಯಾಂಕ್ ಬರೆದುಕೊಡುವ ಪತ್ರ) ಕೇಳಿ. ಅದು ಬ್ಯಾಂಕುಗಳು ಪಾಲಿಸುವ ಯುಸಿಪಿ 600 ನಿಯಮದಂತೆ ನಡೆಯುತ್ತದೆ. ಬ್ಯಾಂಕ್ ನೋಡುವುದು ಕಾಗದವನ್ನು, ಬೇಳೆಯನ್ನಲ್ಲ. ರೊಕ್ಕ ನಿಲ್ಲುವುದೂ ಅಲ್ಲೇ. ಎಲ್‌ಸಿಯಲ್ಲಿ ಪ್ರಮಾಣವನ್ನು 24 ಟನ್ ಎಂದು ಬರೆದಿದ್ದರೆ, ಒಟ್ಟು ಮೊತ್ತ ಮೀರದಂತೆ 5% ಹೆಚ್ಚುಕಮ್ಮಿ ನಡೆಯುತ್ತದೆ. 25 ಕಿಲೋದ 960 ಚೀಲ ಎಂದು ಬರೆದಿದ್ದರೆ ಆ ಸಡಿಲಿಕೆ ಇಲ್ಲ, 958 ಚೀಲ ಹೋದರೂ ತಕರಾರು. ಇನ್ವಾಯ್ಸ್‌ನಲ್ಲಿ ಮಾಲಿನ ವಿವರಣೆ ಎಲ್‌ಸಿಯಲ್ಲಿ ಇದ್ದಂತೆಯೇ ಇರಬೇಕು. ಹಡಗಿಗೆ ಮಾಲು ಏರಿದ 21 ದಿನದೊಳಗೆ, ಅದೂ ಎಲ್‌ಸಿ ಅವಧಿ ಮುಗಿಯುವ ಮುನ್ನ, ಕಾಗದ ಬ್ಯಾಂಕಿಗೆ ಮುಟ್ಟಬೇಕು. ಕಲಬುರಗಿಯಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಲಾರಿ ಹೋಗಿ, ಅಲ್ಲಿನ ಏಜೆಂಟರಿಂದ ಕಾಗದ ವಾಪಸ್ ಬರುವಷ್ಟರಲ್ಲಿ ಈ ದಿನಗಳು ಬೇಗ ಕರಗುತ್ತವೆ.

ಎಲ್‌ಸಿ ಖರ್ಚು ಹೆಚ್ಚೆಂದು ಪಾರ್ಟಿ ಒಪ್ಪದಿದ್ದರೆ ಕಾಗದವನ್ನು ಬ್ಯಾಂಕ್ ಮೂಲಕ ಕಳಿಸಿ, ರೊಕ್ಕ ಕಟ್ಟಿದ ಮೇಲೆಯೇ ಕೈಗೆ ಕೊಡುವಂತೆ ಮಾಡಿ. ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಮಾಲಿನ ರಸೀದಿ) ‘ಟು ಆರ್ಡರ್’, ಅಂದರೆ ಸಹಿ ಹಾಕಿ ವರ್ಗಾಯಿಸುವಂತೆ, ಇರಲಿ, ನೇರ ಪಾರ್ಟಿಯ ಹೆಸರಿಗೆ ಬೇಡ. ಮೂಲ ಪ್ರತಿಗಳನ್ನು ಕೊರಿಯರ್‌ನಲ್ಲಿ ಪಾರ್ಟಿಗೆ ಕಳಿಸಿದಿರೋ, ಮಾಲು ಕೊಟ್ಟಂತೆಯೇ. ಇದರಲ್ಲೂ ಒಂದು ಅಪಾಯ ಇದೆ: ಕಂಟೇನರ್ ದುಬೈನ ಜೆಬೆಲ್ ಅಲಿ ಬಂದರು ಮುಟ್ಟಿದ ಮೇಲೆ ಪಾರ್ಟಿ ಕಾಗದ ಬಿಡಿಸಿಕೊಳ್ಳದೆ, ಡೆಮರೇಜ್ (ತಡವಾದ ದಿನಗಳ ಬಾಡಿಗೆ) ಏರುವುದನ್ನೇ ನೋಡುತ್ತ ರೇಟ್ ಇಳಿಸಿ ಅನ್ನಬಹುದು. 30% ಅಡ್ವಾನ್ಸ್ ಆಗ ನಿಮ್ಮನ್ನು ಕಾಯುತ್ತದೆ, ಅದನ್ನು ಕಡಿಮೆ ಮಾಡಬೇಡಿ. ಪಾರ್ಟಿ ರೊಕ್ಕ ಕೊಡದಿದ್ದರೆ ನೆರವಾಗುವ ಇಸಿಜಿಸಿ ರಫ್ತು ವಿಮೆಯನ್ನೂ ಮಾಲು ಹೊರಡುವ ಮೊದಲೇ ಮಾಡಿಸಿ.

ಇನ್ನು ಸರ್ಕಾರದ ಮಾತು. ದೇಶಗಳು ರಫ್ತು ನಿಷೇಧಿಸಬಾರದು ಎಂದು ದೇಶಗಳ ನಡುವಿನ ವ್ಯಾಪಾರದ ಗ್ಯಾಟ್ ಒಪ್ಪಂದದ 11ನೇ ವಿಧಿ ಹೇಳುತ್ತದೆ. ಆದರೆ ಆಹಾರದ ತೀವ್ರ ಕೊರತೆ ತಡೆಯಲು ತಾತ್ಕಾಲಿಕ ನಿರ್ಬಂಧ ಹಾಕಬಹುದೆಂದು ಅದೇ ವಿಧಿ ಬಿಟ್ಟಿದೆ. ನಮ್ಮಲ್ಲಿ 2006ರಿಂದ ಬಹುಪಾಲು ಬೇಳೆಕಾಳುಗಳ ರಫ್ತು ನಿಂತೇ ಇತ್ತು. ತೊಗರಿಗೆ ಬಾಗಿಲು ತೆರೆದದ್ದು 2017ರಲ್ಲಿ. 2022ರ ಮೇ 13ರಂದು ಗೋಧಿ ರಫ್ತು ಒಂದೇ ದಿನದಲ್ಲಿ ನಿಂತಿತು. ಅದಕ್ಕೂ ಮುಂಚೆ ಎಲ್‌ಸಿ ತೆರೆದಿದ್ದವರಿಗೆ ಸಾಗಿಸಲು ಬಿಟ್ಟರು. 2023ರ ವಿದೇಶ ವ್ಯಾಪಾರ ನೀತಿಯ 1.05ನೇ ಪ್ಯಾರಾದಲ್ಲೂ ಇಂಥ ರಕ್ಷಣೆ ಇದೆ, ಆದರೆ ನಿರ್ಬಂಧ ಬಂದ 15 ದಿನದೊಳಗೆ ಎಲ್‌ಸಿಯನ್ನು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಕಚೇರಿಯಲ್ಲಿ ನೋಂದಾಯಿಸಬೇಕು. ಈ ರಕ್ಷಣೆ ಅನ್ವಯಿಸದು ಎಂದು ಅಧಿಸೂಚನೆಯಲ್ಲೇ ಬರೆಯುವುದೂ ಉಂಟು, ಅದನ್ನು ಪೂರ್ತಿ ಓದಿ.

ಕರಾರಿನಲ್ಲೂ ಒಂದು ಸಾಲು ಇರಲಿ: ಬಿಲ್ ಆಫ್ ಲೇಡಿಂಗ್ ತಾರೀಖಿಗಿಂತ ಮೊದಲು ಭಾರತ ಸರ್ಕಾರ ರಫ್ತು ತಡೆದರೆ ಸಾಗಿಸದ ಭಾಗ ರದ್ದು, ಅದರ ಅಡ್ವಾನ್ಸ್ ವಾಪಸ್, ಯಾರೂ ಯಾರಿಗೂ ದಂಡ ಕೊಡಬೇಕಿಲ್ಲ. ನಾಫೆಡ್ ಎಂಬ ಕೃಷಿ ಸಹಕಾರ ಮಾರಾಟ ಸಂಸ್ಥೆ 1980ರಲ್ಲಿ ಅಲಿಮೆಂಟಾ ಎಂಬ ವಿದೇಶಿ ಕಂಪನಿಗೆ 5,000 ಟನ್ ಶೇಂಗಾ ಕೊಡಲು ಒಪ್ಪಿ, 1,900 ಟನ್ ಕಳಿಸಿತು. ಉಳಿದದ್ದಕ್ಕೆ ಸರ್ಕಾರದ ಅನುಮತಿ ಸಿಗಲಿಲ್ಲ. ನಾಫೆಡ್ ವಿರುದ್ಧ ಬಂದ ವಿದೇಶಿ ಆರ್ಬಿಟ್ರೇಷನ್ ತೀರ್ಪು ಇಲ್ಲಿ ಜಾರಿಯಾಗದು ಎಂದು ಸುಪ್ರೀಂ ಕೋರ್ಟ್ ಕೊನೆಗೆ ಹೇಳಿದ್ದು 2020ರ ಏಪ್ರಿಲ್‌ನಲ್ಲಿ. ಸರ್ಕಾರ ತಡೆದರೆ ಕರಾರು ರದ್ದು ಎಂಬ ಷರತ್ತು ಆ ಕಾಗದದಲ್ಲಿ ಇದ್ದದ್ದು ನಾಫೆಡ್‌ಗೆ ನೆರವಾಯಿತು, ಆದರೂ 40 ವರ್ಷ ಹಿಡಿಯಿತು. ನಿಮ್ಮ ಕರಾರಿನಲ್ಲಿ ಆ ಷರತ್ತನ್ನು ಅರ್ಥಕ್ಕೆ ಎರಡು ದಾರಿ ಇರದಂತೆ ಬರೆಸಿ.

ಕೊನೆಗೆ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮಾಲು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರ. 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ಒಪ್ಪಂದದ ಸುಂಕ ರಿಯಾಯಿತಿ ಪಡೆಯಲು ಪಾರ್ಟಿ ಇದನ್ನು ಕೇಳಬಹುದು. ಮಿಲ್ಲಿಗೆ ಮೊಜಾಂಬಿಕ್ ತೊಗರಿಯೂ ಬರುತ್ತಿದ್ದರೆ ಈ ಲಾಟನ್ನು ಬೇರೆ ಇಟ್ಟು, ಖರೀದಿ ಬಿಲ್ಲುಗಳನ್ನು ಕಾಪಾಡಿ. ಆಫ್ರಿಕಾದ ಕಾಳು ಒಡೆದು ‘ಭಾರತದಲ್ಲಿ ಬೆಳೆದದ್ದು’ ಎಂದು ಬರೆಯಬೇಡಿ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಪಡೆದ ನಮ್ಮ ಕಲಬುರಗಿ ತೊಗರಿಯ ಹೆಸರನ್ನಂತೂ ಆ ಚೀಲದ ಮೇಲೆ ಹಾಕಲೇಬೇಡಿ.