ಲೋಬಾನವೂ ಹೊಗೆಯೇ, ತಂಗಿ

ನೀನು ಅಕ್ಕ ಎಂದು ಕರೆದಿರುವುದರಿಂದ ನಾನೂ ಬಹುವಚನ ಬಿಟ್ಟು ಬರೆಯುತ್ತಿದ್ದೇನೆ. ಚಿತ್ರದುರ್ಗದಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋಗೆ ಬಂದು ಎರಡು ತಿಂಗಳಾಯಿತು, ಕಾಡಿನ ಬೆಂಕಿಯ ಹೊಗೆ ಊರನ್ನು ಮುಚ್ಚಿ ಆರು ದಿನವಾಯಿತು, ಕಿಟಕಿ ತೆರೆಯುವಂತಿಲ್ಲ, ನಾಲ್ಕು ವರ್ಷದ ಮಗನನ್ನು ಹೊರಗೆ ಬಿಡುವಂತಿಲ್ಲ ಎಂದು ಬರೆದಿದ್ದೀಯ. ಗಾಳಿ ಶುದ್ಧ ಮಾಡುವ ಯಾವ ಯಂತ್ರ ಕೊಳ್ಳಬೇಕು, ಯಾವ ಮಾಸ್ಕ್ ಒಳ್ಳೆಯದು, ಮುಚ್ಚಿದ ಮನೆಯಲ್ಲಿ ಊರಿನ ಯಾವ ಸುಖವನ್ನಾದರೂ ಅನುಭವಿಸಬಹುದು, ಇಲ್ಲಿಗೆ ಬಂದದ್ದೇ ತಪ್ಪಾಯಿತೇ ಎಂದು ಕೇಳಿದ್ದೀಯ. ಇವುಗಳ ನಡುವೆ ಪ್ರಶ್ನೆಯಲ್ಲದ ಒಂದು ಸಾಲು ಇದೆ: “ಅತ್ತೆ ಬಂದಿದ್ದಾರೆ, ಶ್ರಾವಣ ಅಲ್ವಾ, ದಿನಾ ಸಂಜೆ ಲೋಬಾನ ಹಾಕ್ತಾರೆ, ಆಗ ಮನೆ ಥೇಟ್ ಊರಿನ ಹಾಗೇ ಆಗುತ್ತೆ.” ನಾನು ಉತ್ತರ ಬರೆಯಲು ಕುಳಿತದ್ದು ಮುಖ್ಯವಾಗಿ ಆ ಸಾಲಿಗಾಗಿ.

ಯಂತ್ರದ ವಿಷಯ ಬೇಗ ಮುಗಿಸುತ್ತೇನೆ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ, ನಿಮ್ಮ ಮಲಗುವ ಕೋಣೆಯ ಅಳತೆಗೆ ಸಾಕಾಗುವ ಒಂದು ಯಂತ್ರ ಸಾಕು. ಇಡೀ ಮನೆಯನ್ನು ಶುದ್ಧ ಮಾಡಲು ಹೋಗದೆ ಒಂದು ಕೋಣೆಯನ್ನು ಚೆನ್ನಾಗಿಟ್ಟುಕೊಂಡು ಎಲ್ಲರೂ ಅಲ್ಲಿಯೇ ಮಲಗಿ. ಅಂಗಡಿಯಲ್ಲಿ ಯಂತ್ರ ಮುಗಿದುಹೋಗಿದ್ದರೆ, ಚೌಕಾಕಾರದ ಫ್ಯಾನಿಗೆ ಮರ್ವ್ 13 ಎಂಬ ದರ್ಜೆಯ ಫಿಲ್ಟರುಗಳನ್ನು ಟೇಪಿನಿಂದ ಅಂಟಿಸಿ ನಿನ್ನ ಯಜಮಾನರೇ ಒಂದು ಗಂಟೆಯಲ್ಲಿ ಮಾಡಿಕೊಡಬಹುದು. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಬಟ್ಟೆಯದು, ಸೆರಗು, ಕರವಸ್ತ್ರ ಯಾವುದೂ ಈ ಹೊಗೆಯ ಕಣಗಳನ್ನು ತಡೆಯುವುದಿಲ್ಲ. ಕಾರಿನಲ್ಲಿ ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಒತ್ತಿಡಿ. ಪೊರಕೆ ಹಿಡಿಯಬೇಡ, ನೆಲ ಒರೆಸು. ಅದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಗಾಳಿಯ ಗುಣಮಟ್ಟದ ಸೂಚ್ಯಂಕ 180 ಎಂದು ನಿಮ್ಮ ಅಪ್ಪನಿಗೆ ಹೇಳಿದಾಗ, ಇಂಡಿಯಾದಲ್ಲಿ ಅಷ್ಟಕ್ಕೆ ಮಧ್ಯಮ ಎನ್ನುತ್ತಾರೆ, ಹೆದರಬೇಡ ಎಂದರಂತೆ. ಎರಡು ದೇಶಗಳ ಅಳತೆಗೋಲು ಒಂದೇ ಅಲ್ಲ. ಅಲ್ಲಿ 101ರಿಂದ 200ರವರೆಗೆ ಮಧ್ಯಮ. ಇಲ್ಲಿ 100 ದಾಟಿದರೆ ಮಕ್ಕಳು, ವಯಸ್ಸಾದವರು ಮತ್ತು ಉಬ್ಬಸದವರಿಗೆ ಕೆಟ್ಟದ್ದು, 150 ದಾಟಿದರೆ ಎಲ್ಲರಿಗೂ ಕೆಟ್ಟದ್ದು. ನೀನು ಈಗ ಉಸಿರಾಡುತ್ತಿರುವುದು ಇಲ್ಲಿಯ ಗಾಳಿ, ಆದ್ದರಿಂದ ಇಲ್ಲಿಯ ಅಳತೆಯನ್ನೇ ನಂಬು.

ನಾನು ದಾವಣಗೆರೆಯಿಂದ ಬಂದಿಳಿದದ್ದು 2008ರ ಜೂನ್‌ನಲ್ಲಿ. ಆ ತಿಂಗಳ ಕೊನೆಯ ಭಾಗದಲ್ಲಿ ಸಿಡಿಲು ಬಡಿದು ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಮ್ಮೆಗೇ ಸಾವಿರಾರು ಕಡೆ ಬೆಂಕಿ ಹತ್ತಿತ್ತು. ನನಗೆ ಅದೊಂದೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಿದ್ದ, ಗಾಳಿಯಲ್ಲಿ ಸುಟ್ಟ ವಾಸನೆ ಇತ್ತು. ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಹುಲ್ಲು ಸುಡುವಾಗ ಬರುವ ವಾಸನೆ ಅದೇ ಎಂದು ನನಗೆ ಅನ್ನಿಸಿತು. ಈ ಕಣಿವೆಯಲ್ಲೂ ಭತ್ತ ಬೆಳೆಯುತ್ತಾರೆ ಎಂದು ಅಷ್ಟು ಹೊತ್ತಿಗೆ ಕೇಳಿದ್ದೆ. ಬಂದು ಮೂರು ವಾರ ಯಾರೊಂದಿಗೂ ಕನ್ನಡ ಮಾತಾಡದಿದ್ದ ನಾನು, ಆ ವಾಸನೆ ಬೇಕೆಂದು ಎರಡೂ ಕಿಟಕಿಗಳನ್ನು ತೆರೆದು ನಿಂತಿದ್ದೆ. ಪಕ್ಕದ ಮನೆಯ ಮುದುಕಿ ಬಾಗಿಲು ತಟ್ಟಿ, ಕೈಸನ್ನೆ ಮಾಡಿ, ಕಿಟಕಿ ಮುಚ್ಚಿಸಿ ಹೋದಳು. ಪರದೇಶದಲ್ಲಿ ಊರಿನ ವಾಸನೆ ಸಿಕ್ಕರೆ ಮನಸ್ಸು ಬೇರೆ ಏನನ್ನೂ ವಿಚಾರಿಸುವುದಿಲ್ಲ ಎಂಬುದು ಅಂದೇ ನನಗೆ ಅರ್ಥವಾಗಬೇಕಾಗಿತ್ತು. ಅದಕ್ಕೆ ಇನ್ನೂ ಹತ್ತು ವರ್ಷ ಹಿಡಿಯಿತು.

2018ರಲ್ಲಿ ಅವ್ವ ಮೊದಲ ಸಲ ನಮ್ಮ ಮನೆಗೆ ಬಂದಿದ್ದಳು, ಆರು ತಿಂಗಳು ಇರುವ ಲೆಕ್ಕದಲ್ಲಿ. ದೀಪಾವಳಿ ಮಾಡಿದೆವು. ನವೆಂಬರ್ 8, ಬಲಿಪಾಡ್ಯಮಿ. ಅದೇ ಬೆಳಿಗ್ಗೆ ನಮ್ಮಿಂದ ಉತ್ತರಕ್ಕೆ ನೂರು ಮೈಲಿಗಿಂತ ಕಡಿಮೆ ದೂರದಲ್ಲಿರುವ ಪ್ಯಾರಡೈಸ್ ಎಂಬ ಊರಿನ ಹತ್ತಿರ ಬೆಂಕಿ ಹತ್ತಿ, ಸಂಜೆಯೊಳಗೆ ಊರಿಗೆ ಊರೇ ಸುಟ್ಟುಹೋಯಿತು. 85 ಜನ ಸತ್ತರು, 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಆ ಹೊಗೆ ನಮ್ಮ ಮೇಲೆ ಬಂದು ಕುಳಿತದ್ದು ಸುಮಾರು ಎರಡು ವಾರ ಕದಲಲಿಲ್ಲ.

ನಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದೆನೆಂದು ಭಾವಿಸಿದ್ದೆ. ಬಾಗಿಲ ಸಂದಿಗೆ ಒದ್ದೆ ಟವೆಲ್ ಇಟ್ಟೆ, ಯಂತ್ರ ತಂದೆ, ಅವ್ವನನ್ನು ಹೊರಗೆ ಬಿಡಲಿಲ್ಲ. ಪಾಡ್ಯದಿಂದ ಕಾರ್ತಿಕ ಶುರುವಾಗಿತ್ತು. ಅವಳು ದಿನವೂ ಸಂಜೆ ಹೊಸ್ತಿಲಿನ ಒಳಗೆ ಐದು ಹಣತೆ ಹಚ್ಚುತ್ತಿದ್ದಳು, ದೇವರ ಮುಂದೆ ಊದುಬತ್ತಿ ಇಡುತ್ತಿದ್ದಳು, ಸಾವಿನ ಹೊಗೆ ಮನೆಗೆ ಬಂದಿದೆ, ಅದು ಹೋಗಲಿ ಎಂದು ಲೋಬಾನ ಹಾಕಿ ಕೋಣೆ ಕೋಣೆಗೂ ಹಿಡಿದು ಬರುತ್ತಿದ್ದಳು. ಕೆಲಸ ಮುಗಿಸಿ ಬಂದು ಬಾಗಿಲು ತೆರೆದರೆ ದಾವಣಗೆರೆಯ ಹಳೇಪೇಟೆಯ ನಮ್ಮ ಮನೆಯೊಳಗೆ ಕಾಲಿಟ್ಟಂತೆ ಆಗುತ್ತಿತ್ತು. ಆ ಶನಿವಾರ ಅವಳಿಗೆ ಬೇಸರವಾಗಿದೆ ಎಂದು ನಾನೇ ಕುಳಿತು ಮಿರ್ಚಿ ಕರಿದೆ, ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ಒಣಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮಿದೆವು, ಕೆಮ್ಮುತ್ತಲೇ ತಿಂದೆವು. ಆ ವಾರ ನಾನು ಅವಳೊಂದಿಗೆ ಇದ್ದಷ್ಟು ಸಂತೋಷವಾಗಿ ಮದುವೆಯಾದ ಮೇಲೆ ಎಂದೂ ಇದ್ದಿರಲಿಲ್ಲ.

ಅವ್ವನಿಗೆ ಹಿಂದಿನಿಂದಲೂ ಸ್ವಲ್ಪ ಉಬ್ಬಸ ಇತ್ತು. ಹೊಟ್ಟಿನ ಒಲೆಯ ಮುಂದೆ ಮೂವತ್ತು ವರ್ಷ ಕುಳಿತವಳು. ವಾರ ತುಂಬುವಷ್ಟರಲ್ಲಿ ಒಂದು ರಾತ್ರಿ ಅವಳಿಗೆ ಮಾತಾಡಲೂ ಉಸಿರು ಸಾಲದಾಯಿತು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ, ಹೊಗೆಯಾಗುವಂಥದ್ದು ಏನನ್ನಾದರೂ ಉರಿಸುತ್ತೀರಾ? ಅವ್ವನ ಪರವಾಗಿ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದವಳು ನಾನು. ಇಲ್ಲ ಎಂದೆ. ಅದು ಸುಳ್ಳು ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಮಾತಿನಲ್ಲಿ ಒಲೆಯಿಂದ ಬರುವುದು ಹೊಗೆ, ಲೋಬಾನದಿಂದ ಬರುವುದು ಧೂಪ, ಒಗ್ಗರಣೆಯಿಂದ ಬರುವುದು ಘಾಟು, ಎಣ್ಣೆ ಕಾದಾಗ ಬರುವುದು ಕಮಟು. ಇವು ನಾಲ್ಕೂ ಬೇರೆ ಬೇರೆ ಎಂದುಕೊಂಡೇ ನಾನು ಬೆಳೆದಿದ್ದೆ. ಎರಡನೆಯ ಸಲ ಬೇರೊಬ್ಬರು ಬಂದು, ಅಡುಗೆ ಏನು ಮಾಡಿದಿರಿ, ದೇವರ ಮುಂದೆ ಏನು ಹಚ್ಚುತ್ತೀರಿ ಎಂದು ಬಿಡಿಸಿ ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು.

ಆಮೇಲೆ ಗಾಳಿ ಅಳೆಯುವ ಒಂದು ಪುಟ್ಟ ಯಂತ್ರ ತಂದು ಅಡುಗೆಮನೆಯಲ್ಲಿಟ್ಟೆ. ಅದು ಪಿಎಂ 2.5 ಎಂಬ ಕಣಗಳನ್ನು ಎಣಿಸುತ್ತದೆ; ಒಂದು ಮಿಲಿಮೀಟರಿನ ನಾನೂರರಲ್ಲಿ ಒಂದು ಪಾಲಿಗಿಂತ ದೊಡ್ಡದಲ್ಲದ, ಮೂಗು ಗಂಟಲು ತಡೆಯಲಾಗದೆ ಶ್ವಾಸಕೋಶದ ತಳಕ್ಕೆ ಇಳಿಯುವ ಕಣ. ಒಂದು ಸಾಸಿವೆ ಒಗ್ಗರಣೆಗೆ ಅದರ ಅಂಕಿ ಇಪ್ಪತ್ತರಿಂದ ನೂರೆಂಬತ್ತಕ್ಕೆ ಏರಿದ್ದನ್ನು ಕಣ್ಣಾರೆ ಕಂಡೆ. ಕಾಡಿನದೋ, ಧೂಪದ್ದೋ, ಮೆಣಸಿನಕಾಯಿಯದೋ ಎಂದು ಅದು ಕೇಳುವುದಿಲ್ಲ, ಶ್ವಾಸಕೋಶವೂ ಕೇಳುವುದಿಲ್ಲ. ನಮ್ಮ ಊರಿನ ಮನೆಗಳಿಗೆ ಬೆಳಕಿಂಡಿ ಇತ್ತು, ಹೆಂಚಿನ ಸಂದಿ ಇತ್ತು, ಹಿತ್ತಿಲ ಬಾಗಿಲು ಸದಾ ತೆರೆದಿರುತ್ತಿತ್ತು. ಲೋಬಾನದ ಪದ್ಧತಿ ಹುಟ್ಟಿದ್ದು ಅಂಥ ಮನೆಗಳಲ್ಲಿ. ಇಲ್ಲಿಯ ಮನೆಯನ್ನು ನಾವು ಹೊರಗಿನ ಹೊಗೆಗೆ ಹೆದರಿ ಡಬ್ಬಿಯ ಹಾಗೆ ಮುಚ್ಚಿದ ಮೇಲೆ ಒಳಗೆ ಹುಟ್ಟಿದ ಹೊಗೆಗೆ ಹೋಗಲು ದಾರಿಯೇ ಇರುವುದಿಲ್ಲ. ಒಲೆಯ ಮೇಲಿನ ಹೊಗೆ ಹೀರುವ ಫ್ಯಾನನ್ನು ನಂಬಬೇಡ: ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ಅದು ಗಾಳಿಯನ್ನು ಜಾಲರಿಯ ಮೂಲಕ ಎಳೆದು ಮತ್ತೆ ಒಳಗೇ ಬಿಡುತ್ತದೆ, ಹೊರಗೆ ತಳ್ಳುವಂಥದ್ದಾದರೆ ಅಷ್ಟೇ ಹೊರಗಿನ ಗಾಳಿಯನ್ನು ಸಂದಿಗಳಿಂದ ಒಳಕ್ಕೆ ಎಳೆಯುತ್ತದೆ.

ಇಷ್ಟಾದರೆ ನಾನು ಪಾಠ ಕಲಿತೆ ಎಂದು ಬರೆದು ಮುಗಿಸಬಹುದಿತ್ತು. ನನ್ನನ್ನು ಇವತ್ತಿಗೂ ಕಾಡುವುದು ಅದರ ಮರುದಿನ ನಾನು ಮಾಡಿದ ಕೆಲಸ. ಅವ್ವನನ್ನು ಮನೆಗೆ ಕರೆತಂದವಳೇ ಲೋಬಾನ, ಊದುಬತ್ತಿ, ಕರ್ಪೂರ, ಹಣತೆ, ಬತ್ತಿಯ ಕಟ್ಟು ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಗ್ಯಾರೇಜಿನಲ್ಲಿಟ್ಟು, ಬ್ಯಾಟರಿಯಲ್ಲಿ ಉರಿಯುವ ಎರಡು ಪ್ಲಾಸ್ಟಿಕ್ ದೀಪ ತಂದಿಟ್ಟೆ. ಕಾರಣವನ್ನು ಅವಳಿಗೆ ಕುಳಿತು ಹೇಳಲಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿದೆ. ಸಂಜೆ ಅವಳು ಕೈಕಾಲು ತೊಳೆದುಕೊಂಡು ಬಂದು ವಿಭೂತಿ ಹಚ್ಚಿಕೊಂಡು ಆ ಪ್ಲಾಸ್ಟಿಕ್ ದೀಪದ ಮುಂದೆ ಸ್ವಲ್ಪ ಹೊತ್ತು ನಿಂತು, “ಒಂದು ದೀಪಾನೂ ಹಚ್ಚಬಾರದೇನವ್ವಾ?” ಎಂದು ಕೇಳಿದಳು. ಭಯದಲ್ಲಿದ್ದ ನಾನು ಬೇಡ ಎಂದು ಗದರಿದೆ. ಮತ್ತೆ ಅವಳು ಕೇಳಲಿಲ್ಲ. ನವೆಂಬರ್ 21ರಂದು ಮಳೆ ಬಂದು ಆಕಾಶ ತೊಳೆದುಹೋಯಿತು, ಕಿಟಕಿಗಳನ್ನೆಲ್ಲ ತೆರೆದೆವು, ಆದರೆ ಗ್ಯಾರೇಜಿನಿಂದ ಆ ಪೆಟ್ಟಿಗೆಯನ್ನು ತರುವುದು ನನಗೆ ನೆನಪಾಗಲಿಲ್ಲ, ತರು ಎಂದು ಅವಳೂ ಹೇಳಲಿಲ್ಲ. ಡಿಸೆಂಬರಿನಲ್ಲಿ, ಮಾರ್ಚಿಗೆ ಇದ್ದ ಟಿಕೆಟನ್ನು ಹಿಂದಕ್ಕೆ ಹಾಕಿಸಿಕೊಂಡು, ಮೊಮ್ಮಗಳ ಮದುವೆ ಮಾತುಕತೆಯ ನೆಪ ಹೇಳಿ ಊರಿಗೆ ಹೋದಳು. ಆಮೇಲೆ ಫೋನು ಮಾಡಿದಾಗಲೆಲ್ಲ ಊಟ ಆಯ್ತಾ ಎನ್ನುವುದಕ್ಕೂ ಮೊದಲು “ಗಾಳಿ ಹೆಂಗೈತೆ?” ಎಂದು ಕೇಳುತ್ತಿದ್ದಳು. ಮತ್ತೆ ಬರಲಿಲ್ಲ. ಈಗ ಅವಳಿಲ್ಲ.

ನೀನು ಕೇಳಿದ ಊರಿನ ಸುಖಗಳಿಗೆ ಬರುತ್ತೇನೆ, ಹೊಗೆಯಿಲ್ಲದ ಸುಖಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಬೆಣ್ಣೆದೋಸೆಯನ್ನು ಈ ವಾರ ಮರೆತುಬಿಡು, ಕಾದ ಹಂಚಿನ ಮೇಲೆ ಬೆಣ್ಣೆ ಬಿದ್ದರೆ ಹೊಗೆ ಏಳದೆ ಇರುವುದಿಲ್ಲ. ಆದರೆ ಬೆಣ್ಣೆಯನ್ನು ಮರೆಯಬೇಕಾಗಿಲ್ಲ. ಅಂಗಡಿಯಿಂದ ದಪ್ಪ ಕೆನೆ ತಂದು, ಗಾಜಿನ ಬಾಟಲಿಗೆ ಅರ್ಧಕ್ಕಿಂತ ಕಡಿಮೆ ಹಾಕಿ, ಬಿಗಿಯಾಗಿ ಮುಚ್ಚಿ ಮಗನ ಕೈಗೆ ಕೊಡು. ಹತ್ತು ಹದಿನೈದು ನಿಮಿಷ ಕುಲುಕಿದರೆ ಮೊದಲು ಗಟ್ಟಿಯಾಗಿ, ಆಮೇಲೆ ಒಮ್ಮೆಗೇ ಒಡೆದು ಬೆಣ್ಣೆ ಬೇರೆ ನೀರು ಬೇರೆ ಆಗುತ್ತದೆ. ಬಾಟಲಿಯ ಸದ್ದು ಬದಲಾಗುವ ಆ ಕ್ಷಣಕ್ಕೆ ನನ್ನ ಮಗಳು ಕೂಗಿ ಕುಣಿಯುತ್ತಿದ್ದಳು. ತಣ್ಣೀರಲ್ಲಿ ತೊಳೆದ ಆ ಬಿಳಿ ಬೆಣ್ಣೆಯನ್ನು ಬಿಸಿ ಇಡ್ಲಿಯ ಮೇಲೆ ಇಟ್ಟು ಕೊಡು, ಬದಿಗೆ ಬೇಯಿಸಿದ ಆಲೂಗಡ್ಡೆಯ ಸಪ್ಪೆ ಪಲ್ಯ ಇರಲಿ. ನಮ್ಮೂರಿನ ಹೋಟೆಲಿನ ಅರ್ಧ ರುಚಿ ನಾಲಿಗೆಗೆ ಬರುತ್ತದೆ. ದುರ್ಗದವಳಿಗೆ ಮುದ್ದೆಯ ವಿಷಯ ನಾನು ಹೇಳಬೇಕಾಗಿಲ್ಲ. ಮುದ್ದೆಯಿಂದ ಏಳುವುದು ಬರೀ ಹಬೆ.

ಮಂಡಕ್ಕಿಗೆ ಒಗ್ಗರಣೆ ಬೇಡ, ಹಸಿ ಎಣ್ಣೆ ಹಚ್ಚು. ಚಳ್ಳಕೆರೆಯ ಶೇಂಗಾ ಎಣ್ಣೆ ತಂದಿದ್ದರೆ ಇದೇ ಅದಕ್ಕೆ ತಕ್ಕ ಹೊತ್ತು. ಚಟ್ನಿಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಪುಟಾಣಿ, ಕೊತ್ತಂಬರಿ, ನಿಂಬೆಹಣ್ಣು ಸಾಕು. ಇಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುವುದು ತೆಳುವಾದ ಪೊಳ್ಳು ಮಂಡಕ್ಕಿ, ನೀರಿಗೆ ಹಾಕಿದರೆ ಕರಗಿಹೋಗುತ್ತದೆ, ಆದರೆ ಎಣ್ಣೆ ಹಚ್ಚಿ ತಿನ್ನಲು ಪರವಾಗಿಲ್ಲ. ಅತ್ತೆಯವರಿಗೆ ಚೌಕಾಬಾರ ಗೊತ್ತಿರಲೇಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಟ್ಟು, ಕವಡೆ ಇಲ್ಲದಿದ್ದರೆ ಹುಣಸೆಬೀಜ ಒಡೆದು ಕೈಗೆ ಕೊಡು. ಈಗಿನ ಸಮಯದಲ್ಲಿ ಇಲ್ಲಿ ಸಂಜೆ ಏಳೂವರೆಯಾದರೆ ದುರ್ಗದಲ್ಲಿ ಮರುದಿನ ಬೆಳಿಗ್ಗೆ ಎಂಟು ಗಂಟೆ. ಅಪ್ಪನಿಗೆ ವಿಡಿಯೋ ಕರೆ ಮಾಡಿ, ಮಹಡಿಯ ಮೇಲೆ ಹೋಗಿ ಕೋಟೆಯ ಕಡೆಗೆ ಫೋನು ಹಿಡಿಯಲು ಹೇಳು. ಬೆಟ್ಟದ ಮೇಲಿನ ಬಂಡೆಗಳನ್ನು, ಸ್ವಚ್ಛವಾದ ಆಕಾಶವನ್ನು ಮಗ ನೋಡಲಿ.

ಇಲ್ಲಿಗೆ ಬಂದದ್ದು ತಪ್ಪೇ ಎಂಬ ಪ್ರಶ್ನೆಗೆ ಹೊಗೆಯ ವಾರದಲ್ಲಿ ಉತ್ತರ ಹುಡುಕಬೇಡ. ಒಂದು ವರ್ಷ ಕಳೆಯಲಿ.

ಇನ್ನು ಅತ್ತೆಯವರ ಲೋಬಾನ. ಇವತ್ತೇ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೊಟ್ಟಣವನ್ನು ನೀನು ಎತ್ತಿಡಬೇಡ. ಗಾಳಿ ಅಳೆಯುವ ಯಂತ್ರವನ್ನು ಯಾರಿಂದಲಾದರೂ ಎರವಲು ತಾ, ನನ್ನದನ್ನೇ ಬೇಕಾದರೂ ಕೊಡುತ್ತೇನೆ. ಅದನ್ನು ದೇವರಮನೆಯ ಹತ್ತಿರ ಇಟ್ಟು, ಮಗನನ್ನು ಬೇರೆ ಕೋಣೆಗೆ ಕಳಿಸಿ, ಒಂದೇ ಒಂದು ಊದುಬತ್ತಿಯನ್ನು ಅರ್ಧ ನಿಮಿಷ ಹಚ್ಚಿ ಅಂಕಿ ಏರುವುದನ್ನು ಅವರಿಗೆ ತೋರಿಸು. ಓದು ಬರದವರಿಗೂ ಹಸಿರು ಬಣ್ಣ ಕೆಂಪಾಗುವುದು ಕಾಣುತ್ತದೆ. ಮೊಮ್ಮಗನ ಎದೆಗೆ ಹೋಗುವುದು ಇದೇ ಎಂದು ತಿಳಿದರೆ ಅವರ ಕೈಯೇ ಪೊಟ್ಟಣವನ್ನು ಎತ್ತಿಡುತ್ತದೆ. ಅವರಿಗೆ ಉಬ್ಬಸ, ಹೃದಯದ ತೊಂದರೆ ಏನೂ ಇಲ್ಲದಿದ್ದರೆ ಗಾಳಿ ಶುದ್ಧ ಮಾಡುವ ಯಂತ್ರ ಓಡುತ್ತಿರುವ ಕೋಣೆಯಲ್ಲಿ ಒಂದೇ ಬತ್ತಿಯ ಸಣ್ಣ ದೀಪವನ್ನು ಪೂಜೆಯಷ್ಟು ಹೊತ್ತು ಹಚ್ಚಿ, ಆಮೇಲೆ ಹೂವಿನಿಂದ ಶಾಂತ ಮಾಡಲಿ. ಅಂಕಿ ಸ್ವಲ್ಪ ಏರುತ್ತದೆ, ಯಂತ್ರ ಅದನ್ನು ಇಳಿಸುತ್ತದೆ. ಸೂಚ್ಯಂಕ 50ರ ಕೆಳಗೆ ಬಂದ ಮೊದಲ ದಿನವೇ, ಮರೆಯದೆ, ಕಿಟಕಿಗಳನ್ನೆಲ್ಲ ತೆರೆದು, ಲೋಬಾನ ಹಾಕಿ ಎಂದು ನೀನಾಗಿಯೇ ಅವರಿಗೆ ಹೇಳು. ಅವರು ಕೇಳುವವರೆಗೆ ಕಾಯಬೇಡ, ತಂಗಿ. ಅವರು ಕೇಳುವುದಿಲ್ಲ.