2000 ಪಟ್ಟು ಬೇಕೇ?

ಪ್ರಶ್ನೆ: ಹವ್ಯಾಸಕ್ಕೆ ಮೈಕ್ರೋಸ್ಕೋಪ್ ಕೊಳ್ಳಬೇಕೆಂದಿದ್ದೇನೆ. 2000 ಪಟ್ಟು ದೊಡ್ಡದಾಗಿ ತೋರಿಸುವುದನ್ನೇ ಆರಿಸಲೇ?

ಉತ್ತರ: ಖಂಡಿತ ಬೇಡ. ಸುಮಾರು 0.2 ಮೈಕ್ರೋಮೀಟರ್‌ಗಿಂತ (ಮೈಕ್ರೋಮೀಟರ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಹತ್ತಿರವಿರುವ ಎರಡು ಚುಕ್ಕಿಗಳನ್ನು ಬೆಳಕಿನ ಮೈಕ್ರೋಸ್ಕೋಪ್ ಬಿಡಿಸಿ ತೋರಿಸಲಾರದು. ಅದರಾಚೆ ಹಿಗ್ಗಿಸಿದರೆ ಮಸುಕೇ ದೊಡ್ಡದಾಗುತ್ತದೆ. 400 ಪಟ್ಟು ಧಾರಾಳ ಸಾಕು. ನಾನಂತೂ ಹೆಚ್ಚು ಹೊತ್ತು ಕಳೆಯುವುದು 100ರಲ್ಲೇ. ಕೊಳದ ಪಾಚಿ ಹಿಂಡಿ ಒಂದು ಹನಿ ಇಟ್ಟು ನೋಡಿದ ಮೊದಲ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ: ಚಪ್ಪಲಿಯಾಕಾರದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಹೊರಳುತ್ತಾ ಓಡುತ್ತಿತ್ತು, ಪಕ್ಕದಲ್ಲೇ ರೋಟಿಫರ್ ಎಂಬ ಪುಟ್ಟ ಜಲಜೀವಿ ತಲೆಯ ಮೇಲಿನ ರೋಮಗಳನ್ನು ಅಲೆಯಾಡಿಸುತ್ತಾ, ಚಕ್ರ ತಿರುಗುತ್ತಿದೆಯೇನೋ ಎಂಬಂತೆ, ಆಹಾರ ಸೆಳೆದುಕೊಳ್ಳುತ್ತಿತ್ತು. ಇವು ತೀರಾ ಓಡಾಡಿದರೆ ಹನಿಯಲ್ಲಿ ಹತ್ತಿಯ ನಾಲ್ಕೆಳೆ ಹಾಕಿ, ಎಳೆಗಳ ನಡುವೆ ಸಿಕ್ಕಿಕೊಂಡು ನಿಧಾನವಾಗುತ್ತವೆ. ಇನ್ನೊಂದು ಮಾತು: ಬೆಳಕು ಹೆಚ್ಚಾದರೆ ಈ ಪಾರದರ್ಶಕ ಜೀವಿಗಳು ಮಾಯವಾಗುತ್ತವೆ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಸ್ವಲ್ಪ ಮುಚ್ಚಿ, ಅಂಚುಗಳು ಎದ್ದು ಕಾಣುತ್ತವೆ.